ಆರೋಗ್ಯ ನೀತಿಯ ಮೇಲೆ ಪೇಪರ್ ಬರೆಯುವುದು ಹೇಗೆ: ವಿಷಯ ಆಯ್ಕೆಯಿಂದ ವೈವಾವರೆಗೆ

ಎಂಎಸ್‌ಡಬ್ಲ್ಯೂ, ಎಂಎ ಅರ್ಥಶಾಸ್ತ್ರ, ಸಮಾಜಶಾಸ್ತ್ರ, ಎಂಪಿಎಚ್ ಓದುವವರಿಗೆ ಕೊನೆಗೆ ಒಂದು ಡಿಸರ್ಟೇಷನ್ ಇದ್ದೇ ಇರುತ್ತದೆ. ಅದಕ್ಕೆ ಆರೋಗ್ಯ ನೀತಿ ಆರಿಸಿಕೊಳ್ಳುವವರು ಪ್ರತಿ ಬ್ಯಾಚಿನಲ್ಲೂ ಒಬ್ಬಿಬ್ಬರು ಸಿಗುತ್ತಾರೆ. ಹೆಚ್ಚಿನವರು ಬರೆದು ತರುವ ಪೇಪರ್ ಮಾತ್ರ ಯೋಜನೆಯ ಪ್ರಚಾರ ಪತ್ರದ ಹಾಗೆ ಇರುತ್ತದೆ. ಯೋಜನೆ ಯಾವಾಗ ಶುರುವಾಯಿತು, ಎಷ್ಟು ಲಕ್ಷ ಜನರಿಗೆ ಲಾಭ, ಉದ್ದೇಶಗಳು ಏನೇನು, ಕೊನೆಗೆ 'ಸರ್ಕಾರ ಜಾಗೃತಿ ಮೂಡಿಸಬೇಕು'. ಇಷ್ಟೇ. ಇದನ್ನು ಗೈಡ್ ಓದುವುದಿಲ್ಲ, ವೈವಾಕ್ಕೆ ಬಂದವರೂ ಓದುವುದಿಲ್ಲ, ಬರೆದವರಿಗೇ ಆರು ತಿಂಗಳಾದ ಮೇಲೆ ಏನು ಬರೆದೆ ಅಂತ ನೆನಪಿರುವುದಿಲ್ಲ.

ನನ್ನ ಪ್ರಕಾರ ಮಾಡಬೇಕಾದ ಕೆಲಸ ಸರಳ. ನೀತಿಯೊಳಗಿನ ಒಂದೇ ಒಂದು ನಿಯಮ ಹಿಡಿಯಿರಿ. ಅದು ಕಾಗದದಲ್ಲಿ ಹೇಗಿದೆ, ಆಸ್ಪತ್ರೆಯ ಕೌಂಟರ್ ಮುಂದೆ ಹೇಗಿದೆ ಅಂತ ನೋಡಿ. ಈ ಎರಡರ ನಡುವೆ ಏನಿದೆಯೋ ಅದೇ ನಿಮ್ಮ ಪೇಪರ್.

ಸುಮ್ನೆ ತತ್ವ ಹೇಳಿದರೆ ಉಪಯೋಗವಿಲ್ಲ, ಅದಕ್ಕೆ ಕೊನೆಯವರೆಗೂ ಒಂದೇ ಉದಾಹರಣೆ ಇಟ್ಟುಕೊಳ್ಳೋಣ: ಆಸ್ಪತ್ರೆ ಖರ್ಚನ್ನು ಸರ್ಕಾರ ಭರಿಸುವ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ. ಉತ್ತರ ಕರ್ನಾಟಕದ ಒಬ್ಬಳು ಎಂಎಸ್‌ಡಬ್ಲ್ಯೂ ಹುಡುಗಿ ಇದರ ಮೇಲೆ ಬರೆಯುವಾಗ ನಾನು ಹತ್ತಿರದಿಂದ ನೋಡಿದ್ದೆ. ಅವಳ ಪೇಪರ್ ಎಲ್ಲೆಲ್ಲಿ ತಿರುಗಿತು ಅನ್ನುವುದನ್ನೂ ಅಲ್ಲಲ್ಲಿ ಹೇಳುತ್ತೇನೆ.

ಹಂತ 1: ವಿಷಯ ಚಿಕ್ಕದು ಮಾಡಿ, ಇನ್ನೂ ಚಿಕ್ಕದು ಮಾಡಿ

ಅವಳು ಗೈಡ್ ಮುಂದೆ ಮೊದಲು ಇಟ್ಟ ಶೀರ್ಷಿಕೆ 'ಕರ್ನಾಟಕದಲ್ಲಿ ಆರೋಗ್ಯ ನೀತಿ: ಒಂದು ಅಧ್ಯಯನ'. ಇದರೊಳಗೆ ತಾಯಿ ಕಾರ್ಡಿನಿಂದ ಹಿಡಿದು ವೈದ್ಯಕೀಯ ಕಾಲೇಜಿನ ಸೀಟಿನವರೆಗೆ ಎಲ್ಲವೂ ಬರುತ್ತದೆ. ಒಂದು ಡಿಸರ್ಟೇಷನ್‌ನಲ್ಲಿ ಮುಗಿಯುವ ಮಾತಲ್ಲ. ಎರಡನೇ ಸಲ 'ಆರೋಗ್ಯ ಕರ್ನಾಟಕ ಯೋಜನೆಯ ಪರಿಣಾಮ' ಅಂತ ತಂದಳು. ಆಗಲೂ ದೊಡ್ಡದೇ. ಪರಿಣಾಮ ಅಂದರೆ ಯಾವುದರ ಮೇಲೆ? ಸಾವಿನ ಮೇಲೋ, ಸಾಲದ ಮೇಲೋ, ಸರ್ಕಾರಿ ಆಸ್ಪತ್ರೆಯ ಹಾಸಿಗೆ ತುಂಬುವುದರ ಮೇಲೋ? ಪರಿಣಾಮ ಅಳೆಯಲು ಯೋಜನೆ ಇರುವವರನ್ನು ಇಲ್ಲದವರ ಜೊತೆ ಹೋಲಿಸಬೇಕು. ಒಬ್ಬ ವಿದ್ಯಾರ್ಥಿಗೆ ಅಷ್ಟು ದೊಡ್ಡ ಸರ್ವೆ ಮಾಡುವ ದುಡ್ಡೂ ಇಲ್ಲ, ಸಮಯವೂ ಇಲ್ಲ.

ಕೊನೆಗೆ ನಿಂತದ್ದು ರೆಫರಲ್ ನಿಯಮದ ಮೇಲೆ. ಈ ಯೋಜನೆಯಲ್ಲಿ ರೋಗಿ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಆ ಚಿಕಿತ್ಸೆ ಸಿಗದಿದ್ದರೆ ಅವರು ಚೀಟಿ ಬರೆದುಕೊಡುತ್ತಾರೆ, ಆ ಚೀಟಿ ಹಿಡಿದು ನೋಂದಾಯಿತ ಖಾಸಗಿ ಆಸ್ಪತ್ರೆಗೆ ಹೋಗಬಹುದು. ತುರ್ತು ಚಿಕಿತ್ಸೆಗಳ ಪಟ್ಟಿಯಲ್ಲಿರುವುದಕ್ಕೆ ಮಾತ್ರ ಚೀಟಿ ಬೇಡ, ನೇರವಾಗಿ ಹೋಗಬಹುದು. ಅವಳ ಪ್ರಶ್ನೆ ಹೀಗಾಯಿತು: ಒಂದು ತಾಲ್ಲೂಕಿನಲ್ಲಿ ಚೀಟಿ ಪಡೆಯಲು ರೋಗಿಯ ಕಡೆಯವರು ಏನೇನು ಮಾಡಬೇಕಾಗುತ್ತದೆ, ಆ ಹೊತ್ತಿಗೆ ಕೈಯಿಂದ ಎಷ್ಟು ದುಡ್ಡು ಹೋಗಿರುತ್ತದೆ?

ಪ್ರಶ್ನೆ ಸರಿಯಾಗಿದೆಯೋ ಇಲ್ಲವೋ ನೋಡಲು ಒಂದು ಪರೀಕ್ಷೆ ಇದೆ. ನಿಮ್ಮ ಪ್ರಶ್ನೆಯನ್ನು ಮನೆಯಲ್ಲಿ ಅಮ್ಮನಿಗೋ ಚಿಕ್ಕಪ್ಪನಿಗೋ ಒಂದೇ ಉಸಿರಿನಲ್ಲಿ ಹೇಳಿ. 'ಹೌದು, ನಮ್ಮ ಪಕ್ಕದ ಮನೆಯವರಿಗೂ ಹೀಗೇ ಆಯಿತು' ಅಂತಲೋ 'ಇಲ್ಲಪ್ಪ, ನಮಗೆ ಸಲೀಸಾಗಿ ಆಯಿತು' ಅಂತಲೋ ಉತ್ತರ ಬಂದರೆ ಪ್ರಶ್ನೆ ಸರಿಯಾಗಿದೆ. 'ಒಳ್ಳೆಯ ವಿಷಯ, ಓದು' ಅಂದರೆ ಇನ್ನೂ ದೊಡ್ಡದಿದೆ ಅಂತ ಅರ್ಥ.

ರೆಫರಲ್ ಬೇಡ ಅನ್ನುವವರಿಗೆ ಬೇರೆ ನಿಯಮಗಳೂ ಇವೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ, ಅಂದರೆ ಆ ಚಿಕಿತ್ಸೆಗೆ ಯೋಜನೆಯಲ್ಲಿ ಮೊದಲೇ ಕಟ್ಟಿದ ದರದ, ಶೇ. 30ರಷ್ಟು ಮಾತ್ರ ಸರ್ಕಾರ ಕೊಡುತ್ತದೆ, ಅದೂ ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ. ಉಳಿದ ಶೇ. 70 ಅವರು ಹೇಗೆ ಹೊಂದಿಸುತ್ತಾರೆ? ಪಿಎಂ-ಜೆಎವೈ, ಅಂದರೆ ಕೇಂದ್ರದ ಆಯುಷ್ಮಾನ್ ಭಾರತ್ ಯೋಜನೆಯ ಪ್ಯಾಕೇಜಿನಲ್ಲಿ ಡಿಸ್ಚಾರ್ಜ್ ಆದ ಮೇಲಿನ 15 ದಿನದ ಔಷಧಿಯೂ ಸೇರಿದೆ, ಅದು ನಿಜವಾಗಿ ಕೈಗೆ ಸಿಗುತ್ತದಾ? ಒಂದೊಂದೂ ಒಂದೊಂದು ಪೇಪರ್.

ಹಂತ 2: ಪತ್ರಿಕೆ ಆಮೇಲೆ, ಮೊದಲು ಆದೇಶ ಓದಿ

ಎಲ್ಲರೂ ಗೂಗಲ್‌ನಿಂದ ಶುರು ಮಾಡುತ್ತಾರೆ. ಅಲ್ಲಿ ಸಿಗುವುದು ಪತ್ರಿಕೆಯ ಸುದ್ದಿ, ಕೋಚಿಂಗ್ ಸೆಂಟರ್‌ಗಳ ನೋಟ್ಸ್, ಯೂಟ್ಯೂಬ್ ವಿಡಿಯೊ. ನೀತಿ ಇರುವುದು ಅಲ್ಲಿ ಅಲ್ಲ, ಸರ್ಕಾರಿ ಆದೇಶದಲ್ಲಿ ಮತ್ತು ಅದರ ಹಿಂದೆ ಬರುವ ಸುತ್ತೋಲೆಗಳಲ್ಲಿ.

ಆದೇಶ ಓದುವುದಕ್ಕೂ ಒಂದು ಕ್ರಮ ಇದೆ, ಅದನ್ನು ನಮಗೆ ಯಾರೂ ಕ್ಲಾಸಿನಲ್ಲಿ ಹೇಳಿಕೊಡುವುದಿಲ್ಲ. ಕರ್ನಾಟಕ ಸರ್ಕಾರದ ಒಂದು ಆದೇಶ ತೆಗೆದು ನೋಡಿ. ಮೇಲೆ 'ವಿಷಯ', ಅದರ ಕೆಳಗೆ 'ಓದಲಾಗಿದೆ' ಅಂತ ಒಂದು ಪಟ್ಟಿ, ಆಮೇಲೆ 'ಪ್ರಸ್ತಾವನೆ', ನಂತರ 'ಆಕುಕ' ಅಂತ ಶುರುವಾಗುವ ಆದೇಶ ಸಂಖ್ಯೆ ಮತ್ತು ದಿನಾಂಕ. ಆಕುಕ ಅಂದರೆ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಇಲಾಖೆ. ಕೊನೆಗೆ 'ಕರ್ನಾಟಕ ರಾಜ್ಯಪಾಲರ ಆದೇಶಾನುಸಾರ ಮತ್ತು ಅವರ ಹೆಸರಿನಲ್ಲಿ', ಸಹಿ, ಪ್ರತಿ ಯಾರ್ಯಾರಿಗೆ ಅನ್ನುವ ಪಟ್ಟಿ. ವಿದ್ಯಾರ್ಥಿಗಳು ನೇರವಾಗಿ ಆದೇಶದ ಭಾಗಕ್ಕೆ ಹಾರುತ್ತಾರೆ. ನೀವು 'ಓದಲಾಗಿದೆ' ಬಿಡಬೇಡಿ. ಆ ಪಟ್ಟಿಯಲ್ಲಿ ಹಳೆಯ ಆದೇಶಗಳ ಸಂಖ್ಯೆ, ಯೋಜನೆ ನಡೆಸುವ ಟ್ರಸ್ಟ್ ಬರೆದ ಪತ್ರಗಳ ದಿನಾಂಕ ಎಲ್ಲ ಇರುತ್ತದೆ. ಒಂದರಿಂದ ಇನ್ನೊಂದು ಹಿಡಿದು ಹಿಂದಕ್ಕೆ ಹೋದರೆ ನೀತಿಯ ಇತಿಹಾಸ ತಾನಾಗಿ ಬಿಚ್ಚಿಕೊಳ್ಳುತ್ತದೆ. ಆರ್ಥಿಕ ಇಲಾಖೆ ಯಾವ ಷರತ್ತಿನ ಮೇಲೆ ಒಪ್ಪಿತು ಅನ್ನುವುದೂ ಎಷ್ಟೋ ಸಲ ಪ್ರಸ್ತಾವನೆಯಲ್ಲೇ ಸಿಗುತ್ತದೆ, ಮತ್ತು ಅದು ಗೊತ್ತಾದರೆ ನಿಯಮ ಯಾಕೆ ಹೀಗಿದೆ ಅನ್ನುವುದಕ್ಕೆ ಅರ್ಧ ಉತ್ತರ ಸಿಕ್ಕ ಹಾಗೆ.

ಹೀಗೆ ಹಿಂದಕ್ಕೆ ಹೋದರೆ ನಮ್ಮ ಉದಾಹರಣೆಯಲ್ಲಿ ಏನು ಸಿಗುತ್ತದೆ ನೋಡಿ. 2003ರಲ್ಲಿ ಸಹಕಾರ ಸಂಘದ ಸದಸ್ಯರಿಗೆ ಯಶಸ್ವಿನಿ ಆರೋಗ್ಯ ಯೋಜನೆ ಜಾರಿಗೆ ಬಂತು. 2008ರಲ್ಲಿ ಕೇಂದ್ರದ ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ ಯೋಜನೆ (ಆರ್‌ಎಸ್‌ಬಿವೈ), ಕುಟುಂಬಕ್ಕೆ ವರ್ಷಕ್ಕೆ 30,000 ರೂಪಾಯಿ. 2010ರಲ್ಲಿ ಬಿಪಿಎಲ್ ಕುಟುಂಬಗಳ ದೊಡ್ಡ ಕಾಯಿಲೆಗಳಿಗೆ ವಾಜಪೇಯಿ ಆರೋಗ್ಯಶ್ರೀ, ಅದೂ ಮೊದಲು ಗುಲ್ಬರ್ಗ ವಿಭಾಗದಲ್ಲಿ. 2018ರ ಮಾರ್ಚ್‌ನಲ್ಲಿ ಇವನ್ನೆಲ್ಲ ಒಂದೇ ಸೂರಿನ ಕೆಳಗೆ ತರುವ ಆರೋಗ್ಯ ಕರ್ನಾಟಕ. ಅದೇ ವರ್ಷ ಸೆಪ್ಟೆಂಬರ್ 23ರಂದು ರಾಂಚಿಯಲ್ಲಿ ಕೇಂದ್ರದ ಪಿಎಂ-ಜೆಎವೈ ಉದ್ಘಾಟನೆ, ಅಕ್ಟೋಬರ್ ಕೊನೆಗೆ ಎರಡನ್ನೂ ಸೇರಿಸಿ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ, ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ. ಇದರಲ್ಲಿ ಸೇರಿಹೋದ ಯಶಸ್ವಿನಿಯನ್ನು ಮತ್ತೆ ತರುತ್ತೇವೆ ಅಂತ 2022-23ರ ರಾಜ್ಯ ಬಜೆಟ್‌ನಲ್ಲಿ ಹೇಳಿದರು. ಎಲ್ಲವನ್ನೂ ಒಂದು ಮಾಡುತ್ತೇವೆ ಎಂದು ಹೊರಟು ನಾಲ್ಕೇ ವರ್ಷದಲ್ಲಿ ಒಂದನ್ನು ಮತ್ತೆ ಬೇರೆ ಮಾಡಿದ್ದು ಯಾಕೆ? ನನಗಂತೂ ಇದು ಇನ್ನೊಂದು ಪೇಪರಿಗೆ ಆಗುವಷ್ಟು ಒಳ್ಳೆಯ ಪ್ರಶ್ನೆ ಅನ್ನಿಸುತ್ತದೆ, ಯಾರಾದರೂ ಎತ್ತಿಕೊಳ್ಳಿ.

ಓದುವಾಗ ಫಲಾನುಭವಿ ಯಾರು ಅನ್ನುವ ಸಾಲಿನ ಮೇಲೆ ಬೆರಳಿಡಿ. ಪಿಎಂ-ಜೆಎವೈ ಶುರುವಾದಾಗ ಕೇಂದ್ರದ ಪಟ್ಟಿ 2011ರ ಸಾಮಾಜಿಕ ಆರ್ಥಿಕ ಜಾತಿ ಗಣತಿಯದ್ದು. ರಾಜ್ಯ ನೋಡುವುದು ರೇಷನ್ ಕಾರ್ಡ್. ಎರಡೂ ಪಟ್ಟಿಯಲ್ಲಿ ಇರುವವರು ಒಂದೇ ಜನ ಅಲ್ಲ. ಹೀಗಿರುವಾಗ 'ಅರ್ಹರಲ್ಲಿ ಇಷ್ಟು ಶೇಕಡಾ ಜನರಿಗೆ ಕಾರ್ಡ್ ಸಿಕ್ಕಿದೆ' ಅಂತ ಬರೆಯುವ ಮೊದಲು ಯಾವ ಪಟ್ಟಿಯ ಅರ್ಹರು ಅಂತ ಹೇಳಬೇಕಲ್ವಾ?

ಹಂತ 3: ಹಿಂದಿನ ಅಧ್ಯಯನಗಳು

'ಸಾಹಿತ್ಯ ಸಮೀಕ್ಷೆ' ಅಧ್ಯಾಯದಲ್ಲಿ ಮೂವತ್ತು ಪೇಪರಿನ ಸಾರಾಂಶ ಒಂದರ ಕೆಳಗೆ ಒಂದು ಹಾಕುವ ಪದ್ಧತಿ ನಮ್ಮಲ್ಲಿದೆ. ಅದಕ್ಕಿಂತ ನಿಮ್ಮ ಪ್ರಶ್ನೆಗೆ ಹತ್ತಿರದ ನಾಲ್ಕೈದನ್ನು ಮೈಯೆಲ್ಲ ಕಣ್ಣಾಗಿ ಓದಿ, ಉಳಿದವನ್ನು ಒಂದೊಂದು ಸಾಲಿನಲ್ಲಿ ಮುಗಿಸಿ.

ಮೈಯೆಲ್ಲ ಕಣ್ಣಾಗಿ ಅಂದರೆ ಹೇಗೆ? ವಾಜಪೇಯಿ ಆರೋಗ್ಯಶ್ರೀ ಬಗ್ಗೆ 2014ರಲ್ಲಿ ಬಿಎಂಜೆ ಅನ್ನುವ ಬ್ರಿಟನ್ನಿನ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. ಯೋಜನೆ ಮೊದಲು ರಾಜ್ಯದ ಉತ್ತರ ಭಾಗಕ್ಕೆ ಬಂತು, ದಕ್ಷಿಣಕ್ಕೆ ತಡವಾಗಿ ಬಂತು. ಹಾಗಾಗಿ ಗಡಿಯ ಈಚೆ ಇರುವ ಊರುಗಳಿಗೆ ಯೋಜನೆ ಇತ್ತು, ಆಚೆಯ ಊರುಗಳಿಗೆ ಇರಲಿಲ್ಲ. ಮಳೆ ಒಂದೇ, ಬೆಳೆ ಒಂದೇ, ಹೋಗುವ ಸಂತೆಯೂ ಹೆಚ್ಚು ಕಡಿಮೆ ಒಂದೇ. ಸಂಶೋಧಕರು ಗಡಿಯ ಎರಡೂ ಬದಿಯ ಒಟ್ಟು 572 ಹಳ್ಳಿಗಳನ್ನು ಹೋಲಿಸಿದರು. ಯೋಜನೆಯಲ್ಲಿ ಸೇರಿದ ಕಾಯಿಲೆಗಳಿಂದ ಬಿಪಿಎಲ್ ಕುಟುಂಬಗಳಲ್ಲಿ ಆಗುವ ಸಾವು ಯೋಜನೆ ಇದ್ದ ಕಡೆ ಶೇ. 64ರಷ್ಟು ಕಡಿಮೆ ಇತ್ತು.

ಇಲ್ಲಿ ಹೆಚ್ಚಿನವರು 64 ಅನ್ನುವ ಅಂಕಿ ಬರೆದುಕೊಂಡು ಮುಂದೆ ಹೋಗುತ್ತಾರೆ. ನೀವು ನಿಲ್ಲಿ. ಇದು ಎಲ್ಲ ಸಾವುಗಳ ಲೆಕ್ಕವಲ್ಲ, ಯೋಜನೆಯಲ್ಲಿ ಸೇರಿದ ಕಾಯಿಲೆಗಳ ಲೆಕ್ಕ. ಮೂಲ ಅಂಕಿ ನೋಡಿದರೆ ಯೋಜನೆ ಇಲ್ಲದ ಕಡೆ ಶೇ. 0.90, ಇದ್ದ ಕಡೆ ಶೇ. 0.32. ಆಗ ಇದ್ದದ್ದು ದೊಡ್ಡ ಆಸ್ಪತ್ರೆಯ ಚಿಕಿತ್ಸೆಗೆ ಮಾತ್ರ ಇದ್ದ ಯೋಜನೆ, ಇವತ್ತಿನ ಯೋಜನೆ ಅದಲ್ಲ. ಹಾಗಾಗಿ 'ಆರೋಗ್ಯ ಕರ್ನಾಟಕದಿಂದ ಸಾವು ಶೇ. 64 ಇಳಿದಿದೆ' ಅಂತ ಬರೆದರೆ ಅದು ತಪ್ಪು, ಮತ್ತು ಇಂಥ ತಪ್ಪನ್ನು ವೈವಾದಲ್ಲಿ ಹಿಡಿಯುವವರು ಒಬ್ಬರಾದರೂ ಇರುತ್ತಾರೆ.

ಪ್ರತಿ ಅಧ್ಯಯನಕ್ಕೂ ಒಂದು ಕಾರ್ಡ್ ಮಾಡಿ. ಯಾರನ್ನು ಯಾರ ಜೊತೆ ಹೋಲಿಸಿದರು, ಏನನ್ನು ಅಳೆದರು, ಎಲ್ಲಿ, ಯಾವಾಗ, ಏನನ್ನು ನೋಡಲಿಲ್ಲ. ಕೊನೆಯ ಸಾಲಿನಲ್ಲೇ ನಿಮ್ಮ ಜಾಗ ಸಿಗುತ್ತದೆ. ಮೇಲಿನ ಅಧ್ಯಯನ ಸಾವು, ಖರ್ಚು ನೋಡಿತು. ಚೀಟಿಗಾಗಿ ಅಲೆದಾಟ ಅದರ ವಿಷಯವಲ್ಲ.

ಹುಡುಕಲು ಗೂಗಲ್ ಸ್ಕಾಲರ್, ಪಬ್‌ಮೆಡ್ ಸಾಕು. ಭಾರತದ ಪಿಎಚ್‌ಡಿ ಪ್ರಬಂಧಗಳಿಗೆ ಶೋಧಗಂಗಾ. ಉಲ್ಲೇಖ ಜೋಡಿಸಲು ಜೋಟೆರೊ ಉಚಿತವಾಗಿ ಸಿಗುತ್ತದೆ, ಮೊದಲ ದಿನವೇ ಹಾಕಿಕೊಳ್ಳಿ. ಚಾಟ್‌ಬಾಟ್ ಕೊಟ್ಟ ಉಲ್ಲೇಖವನ್ನು ಮೂಲ ತೆರೆದು ನೋಡದೆ ಸೇರಿಸಲೇಬೇಡಿ. ಇಲ್ಲದ ಪೇಪರಿಗೆ ಇರುವ ಪ್ರೊಫೆಸರ್ ಹೆಸರು ಅಂಟಿಸಿ ಕೊಡುವುದರಲ್ಲಿ ಅವು ನಿಸ್ಸೀಮ.

ಹಂತ 4: ಅಂಕಿ ಅಂಶ, ಮತ್ತು ಅವು ನಿಮ್ಮನ್ನು ಬೀಳಿಸುವ ಜಾಗಗಳು

ಬೇಕಾದ ಅಂಕಿ ಬಹುಪಾಲು ಉಚಿತವಾಗಿ ಸಿಗುತ್ತದೆ. ಆಸ್ಪತ್ರೆ ಖರ್ಚಿಗೆ ರಾಷ್ಟ್ರೀಯ ಮಾದರಿ ಸಮೀಕ್ಷೆಯ 75ನೇ ಸುತ್ತು, ಅಂದರೆ 2017-18ರದ್ದು. ವಿಮೆ ಯಾರಿಗಿದೆ ಅನ್ನುವುದಕ್ಕೆ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತು, 2019-21. ದೇಶದ ಒಟ್ಟು ಆರೋಗ್ಯ ಖರ್ಚಿಗೆ ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರ. ರಾಜ್ಯದ ದುಡ್ಡು ಎಲ್ಲಿಗೆ ಹೋಯಿತು ಅನ್ನುವುದಕ್ಕೆ ಬಜೆಟ್ ಪುಸ್ತಕ ಮತ್ತು ಕರ್ನಾಟಕ ಆರ್ಥಿಕ ಸಮೀಕ್ಷೆ. ಎಡವಟ್ಟು ಆಗುವುದು ಇವನ್ನು ಓದುವಾಗ.

ಮೊದಲನೆಯದು, ಪಾಲು ಮತ್ತು ಮೊತ್ತ ಒಂದೇ ಅಂದುಕೊಳ್ಳುವುದು. ಆರೋಗ್ಯದ ಒಟ್ಟು ಖರ್ಚಿನಲ್ಲಿ ಜನ ಕೈಯಿಂದ ಹಾಕುವ ಪಾಲು 2013-14ರಲ್ಲಿ ಶೇ. 64.2 ಇತ್ತು, 2021-22ರಲ್ಲಿ ಶೇ. 39.4ಕ್ಕೆ ಇಳಿಯಿತು ಅಂತ ಆರೋಗ್ಯ ಲೆಕ್ಕಪತ್ರ ಹೇಳುತ್ತದೆ. ಇದನ್ನು ಎಲ್ಲರೂ ಬರೆಯುತ್ತಾರೆ. ಆದರೆ ಪಾಲು ಇಳಿದರೆ ಮನೆಯವರು ಕೊಟ್ಟ ರೂಪಾಯಿ ಇಳಿಯಿತು ಅಂತಲ್ಲ, ಸರ್ಕಾರದ ಖರ್ಚು ಏರಿದರೂ ಪಾಲು ಇಳಿಯುತ್ತದೆ. 2021-22 ಕೋವಿಡ್ ವರ್ಷ ಬೇರೆ. ಇನ್ನೂ ಒಂದು ಇದೆ. ಇತ್ತೀಚಿನ ವರ್ಷಗಳ ಈ ಅಂದಾಜಿಗೆ ಆಧಾರ ಮೇಲೆ ಹೇಳಿದ 2017-18ರ ಸಮೀಕ್ಷೆಯೇ, ಅದನ್ನೇ ಮುಂದಿನ ವರ್ಷಗಳಿಗೆ ಹಿಗ್ಗಿಸಿದ್ದಾರೆ. 2018ರ ಸೆಪ್ಟೆಂಬರ್‌ನಲ್ಲಿ ಶುರುವಾದ ಯೋಜನೆ ಜನರ ಖರ್ಚು ಇಳಿಸಿತು ಅಂತ ಅದರಿಂದ ಸಾಧಿಸಲು ಹೊರಟರೆ, ಯೋಜನೆಗಿಂತ ಮುಂಚೆ ಕೇಳಿದ ಪ್ರಶ್ನೆಯ ಉತ್ತರವನ್ನು ಸಾಕ್ಷಿಗೆ ಕರೆದಂತಾಗುತ್ತದೆ.

ಎರಡನೆಯದು, ಕುಟುಂಬವೋ ವ್ಯಕ್ತಿಯೋ. ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಬರುವ ಶೇ. 41 ಅಂದರೆ ಮನೆಯಲ್ಲಿ ಒಬ್ಬರಿಗಾದರೂ ವಿಮೆ ಅಥವಾ ಯೋಜನೆ ಇರುವ ಕುಟುಂಬಗಳು. ಅದನ್ನು ಜನರಲ್ಲಿ ಶೇ. 41 ಅಂತ ಬರೆದ ಡಿಸರ್ಟೇಷನ್‌ಗಳಿಗೆ ಲೆಕ್ಕವಿಲ್ಲ.

ಮೂರನೆಯದು ನನಗೆ ಇಷ್ಟದ್ದು. 2023ರಲ್ಲಿ ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿ ಪಿಎಂ-ಜೆಎವೈ ಬಗ್ಗೆ ಲೆಕ್ಕ ಪರಿಶೋಧನಾ ವರದಿ ಕೊಟ್ಟಿತು. ಅದರಲ್ಲಿ ಸುಮಾರು 7.5 ಲಕ್ಷ ಫಲಾನುಭವಿಗಳ ಹೆಸರಿನ ಮುಂದೆ ಒಂದೇ ಮೊಬೈಲ್ ನಂಬರ್ ಇತ್ತು: 9999999999. ಸುದ್ದಿ ಎಲ್ಲ ಕಡೆ ಹಬ್ಬಿತು, 'ಲಕ್ಷಾಂತರ ನಕಲಿ ಫಲಾನುಭವಿಗಳು' ಅಂತ ಜನ ಬರೆದರು. ಸರ್ಕಾರದ ಉತ್ತರ ಬೇರೆ. ಫಲಾನುಭವಿಯ ಗುರುತು ಹಚ್ಚಲು ಮೊಬೈಲ್ ನಂಬರ್ ಬಳಸುವುದಿಲ್ಲ, ಅದು ಸಂಪರ್ಕಕ್ಕೆ ಮಾತ್ರ ಅಂದರು. ಈಗ ನಿಮ್ಮ ಪೇಪರಿನಲ್ಲಿ ಏನು ಬರೆಯುತ್ತೀರಿ? ನಂಬರ್ ಸುಳ್ಳಾದರೆ ರೋಗಿಯೂ ಸುಳ್ಳು ಅಂತ ಹೇಳಲು ಬರುವುದಿಲ್ಲ. ಆದರೆ ಕಾರ್ಡಿನಿಂದ ದುಡ್ಡು ಕಡಿತವಾದಾಗ ಮೆಸೇಜ್ ಯಾರಿಗೆ ಹೋಗುತ್ತದೆ, ಡಿಸ್ಚಾರ್ಜ್ ಆದ ಮೇಲೆ 'ನಿಮ್ಮಿಂದ ಹಣ ಕೇಳಿದರಾ' ಅಂತ ಯಾರಿಗೆ ಫೋನ್ ಮಾಡುತ್ತಾರೆ, ಇದನ್ನು ಕೇಳಬಹುದು. ವರದಿಯನ್ನೂ ಉತ್ತರವನ್ನೂ ಪಕ್ಕಪಕ್ಕ ಇಟ್ಟು, ಎರಡೂ ಮುಟ್ಟದ ಪ್ರಶ್ನೆ ಕೇಳುವುದಕ್ಕೇ ನಮ್ಮ ಕಡೆ ವಿಶ್ಲೇಷಣೆ ಅಂತ ಅಂಕ ಕೊಡುವುದು.

ಹಂತ 5: ಮಾಹಿತಿ ಹಕ್ಕು ಅರ್ಜಿ ಈ ವಾರವೇ ಹಾಕಿ

ಉತ್ತರಕ್ಕೆ ಕಾಯಿದೆಯಲ್ಲಿ 30 ದಿನ ಇದೆ. ಅರ್ಜಿ ಬೇರೆ ಕಚೇರಿಗೆ ಹೋಗಬೇಕಾದದ್ದಾದರೆ ವರ್ಗಾಯಿಸಲು 5 ದಿನ. ಉತ್ತರ ಬರದಿದ್ದರೆ ಮೊದಲ ಮೇಲ್ಮನವಿ, ಅದಕ್ಕೂ ಒಂದು ತಿಂಗಳು. ಹಾಗಾಗಿ ಸಿನಾಪ್ಸಿಸ್ ಒಪ್ಪಿದ ವಾರವೇ ಅರ್ಜಿ ಹೋಗಬೇಕು. ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಪದಗಳು 150 ಮೀರಬಾರದು. ಇದು ಗೊತ್ತಿಲ್ಲದೆ ಎರಡು ಪುಟದ ಅರ್ಜಿ ಬರೆದರೆ ವಾಪಸ್ ಬರುತ್ತದೆ, ಒಂದು ತಿಂಗಳು ಅಲ್ಲೇ ಹೋಯಿತು.

'ರೆಫರಲ್ ಯಾಕೆ ತಡವಾಗುತ್ತಿದೆ?' ಅಂತ ಕೇಳಬೇಡಿ. ಯಾಕೆ ಅನ್ನುವುದಕ್ಕೆ ಅವರು ಉತ್ತರ ಕೊಡಬೇಕಾಗಿಲ್ಲ, ಕಚೇರಿಯಲ್ಲಿ ಇರುವ ದಾಖಲೆ ಮಾತ್ರ ಕೊಡಬೇಕು. ಹೀಗೆ ಕೇಳಿ: 'ಇಂಥ ತಾಲ್ಲೂಕು ಆಸ್ಪತ್ರೆಯಿಂದ ಇಂಥ ಆರ್ಥಿಕ ವರ್ಷದಲ್ಲಿ ಯೋಜನೆಯಡಿ ನೀಡಿದ ರೆಫರಲ್‌ಗಳ ಸಂಖ್ಯೆ, ತಿಂಗಳುವಾರು, ಚಿಕಿತ್ಸೆಯ ವಿಭಾಗವಾರು.' ರೋಗಿಗಳ ಹೆಸರು ಕೇಳಬೇಡಿ, ಕೊಡುವುದೂ ಇಲ್ಲ, ನಿಮಗೆ ಬೇಕಾಗಿಯೂ ಇಲ್ಲ. ನಮ್ಮ ಹುಡುಗಿಗೆ ಒಂದು ಕಚೇರಿಯಿಂದ 'ಮಾಹಿತಿಯನ್ನು ಈ ರೂಪದಲ್ಲಿ ನಿರ್ವಹಿಸಿರುವುದಿಲ್ಲ' ಅನ್ನುವ ಒಂದು ಸಾಲಿನ ಉತ್ತರ ಬಂತು. ಬೇಜಾರು ಮಾಡಿಕೊಂಡಳು. ಗೈಡ್ ನಕ್ಕು, 'ಇದನ್ನೇ ಅನುಬಂಧಕ್ಕೆ ಹಾಕಮ್ಮಾ' ಅಂದರು. ಸರಿಯಾಗಿಯೇ ಹೇಳಿದರು. ರೆಫರಲ್ ಕಡ್ಡಾಯ ಅನ್ನುವ ನೀತಿಯಲ್ಲಿ ಎಷ್ಟು ರೆಫರಲ್ ಆಯಿತು ಅನ್ನುವ ಲೆಕ್ಕವನ್ನು ತಿಂಗಳುವಾರು ಇಟ್ಟಿಲ್ಲ ಅನ್ನುವುದೇ ದೊಡ್ಡ ಸಂಗತಿ.

ಹಂತ 6: ಜನರ ಹತ್ತಿರ ಹೋಗುವುದು

ಮೊದಲು ನಿಮ್ಮ ಸಂಸ್ಥೆಯ ಎಥಿಕ್ಸ್ ಕಮಿಟಿಯ ಒಪ್ಪಿಗೆ. ಜನರ ಆರೋಗ್ಯದ ಬಗ್ಗೆ ಕೇಳುವಾಗ ಹೇಗೆ ನಡೆದುಕೊಳ್ಳಬೇಕು ಅನ್ನುವುದಕ್ಕೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2017ರಲ್ಲಿ ಮಾರ್ಗಸೂಚಿ ಹೊರಡಿಸಿದೆ. ಒಪ್ಪಿಗೆ ಪತ್ರವನ್ನು ಕನ್ನಡದಲ್ಲಿ, ಓದಿದರೆ ಅರ್ಥವಾಗುವ ಕನ್ನಡದಲ್ಲಿ ಬರೆಯಿರಿ. 'ಸಹಭಾಗಿತ್ವವು ಸ್ವಯಂಪ್ರೇರಿತವಾಗಿರುತ್ತದೆ' ಅಂದರೆ ಯಾರಿಗೂ ತಲೆಗೆ ಹೋಗುವುದಿಲ್ಲ. 'ಇಷ್ಟ ಇದ್ದರೆ ಮಾತಾಡಿ, ಇಲ್ಲದಿದ್ದರೆ ಬೇಡ, ನಿಮ್ಮ ಕಾರ್ಡಿಗೆ ಏನೂ ತೊಂದರೆ ಆಗುವುದಿಲ್ಲ' ಅನ್ನಿ. ಕೊನೆಯ ಮಾತು ಮುಖ್ಯ. ಫೈಲ್ ಹಿಡಿದು ಬಂದವರೆಲ್ಲ ಜನರ ಕಣ್ಣಿಗೆ ಸರ್ಕಾರದವರೇ.

ಆಶಾ ಕಾರ್ಯಕರ್ತೆಯರಿಗೆ ಯಾರ ಮನೆಯಲ್ಲಿ ಯಾವಾಗ ಯಾರು ಆಸ್ಪತ್ರೆಗೆ ಸೇರಿದ್ದರು ಅನ್ನುವುದು ಬಾಯಲ್ಲೇ ಇರುತ್ತದೆ. ಆದರೆ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಪ್ರಶ್ನೆ ಕೇಳಬೇಡಿ, ಅವರ ಮುಂದೆ ಯಾರೂ ಸರ್ಕಾರಿ ಆಸ್ಪತ್ರೆ ಸರಿಯಿಲ್ಲ ಅನ್ನುವುದಿಲ್ಲ. ಆಸ್ಪತ್ರೆಯ ಕಡೆಯಿಂದ ಮಾತಾಡಬೇಕಾದವರು ಆರೋಗ್ಯಮಿತ್ರ. ಕಾರ್ಡ್ ನೋಡುವುದು, ಕಾಗದ ಅಪ್‌ಲೋಡ್ ಮಾಡುವುದು ಅವರ ಕೆಲಸ. ನಿಯಮ ಎಲ್ಲಿ ಸಿಕ್ಕಿಕೊಳ್ಳುತ್ತದೆ ಅನ್ನುವುದು ಅವರಷ್ಟು ಯಾರಿಗೂ ಗೊತ್ತಿಲ್ಲ.

ಪ್ರಶ್ನೆ ಹೇಗೆ ಕೇಳಬೇಕು ಅನ್ನುವುದಕ್ಕೆ ಒಂದು ಸಣ್ಣ ತುಣುಕು. ಅವಳ ಪ್ರಶ್ನಾವಳಿಯಲ್ಲಿ ಮೊದಲು ಇದ್ದದ್ದು: 'ಚಿಕಿತ್ಸೆ ಉಚಿತವಾಗಿ ದೊರೆಯಿತೇ? ಹೌದು / ಇಲ್ಲ.' ಒಬ್ಬ ಅಜ್ಜಿ 'ಹೂಂ, ಪುಕ್ಕಟೆ ಆತು' ಅಂದರು. ಅಷ್ಟಕ್ಕೇ ಟಿಕ್ ಹಾಕಿ ಮುಂದೆ ಹೋಗಬಹುದಿತ್ತು. ಯಾಕೋ ಅನುಮಾನ ಬಂದು ಒಂದೊಂದಾಗಿ ಕೇಳಿದಳು: ಆಸ್ಪತ್ರೆಗೆ ಹೇಗೆ ಹೋದಿರಿ, ಗಾಡಿಗೆ ಎಷ್ಟು, ಸ್ಕ್ಯಾನಿಂಗ್ ಎಲ್ಲಿ ಮಾಡಿಸಿದರು, ಜೊತೆಗಿದ್ದವರ ಊಟಕ್ಕೆ ಎಷ್ಟು, ಮಗ ಎಷ್ಟು ದಿನ ಕೂಲಿ ಬಿಟ್ಟ, ದುಡ್ಡು ಎಲ್ಲಿಂದ ತಂದಿರಿ. ಅಜ್ಜಿ ಬೆರಳು ಮಡಚಿ ಲೆಕ್ಕ ಹಾಕುತ್ತಾ ಹೋದರು, ಕೊನೆಗೆ ಸೊಸೆಯ ಕಿವಿಯೋಲೆ ಅಡವಿಟ್ಟ ವಿಷಯ ಬಂತು. ಆಪರೇಷನ್‌ಗೆ ದುಡ್ಡು ಕೊಟ್ಟಿಲ್ಲ, ಅದು ನಿಜ. ಹಾಗಾಗಿ ಅಜ್ಜಿಯ ಲೆಕ್ಕದಲ್ಲಿ ಅದು ಪುಕ್ಕಟೆಯೇ. ನಿಮ್ಮ ಪೇಪರಿನ ಲೆಕ್ಕದಲ್ಲಿ ಅಲ್ಲ. ಹಾಗಾಗಿ ಖರ್ಚನ್ನು ಯಾವತ್ತೂ ಒಟ್ಟಿಗೆ ಕೇಳಬೇಡಿ, ಬಿಡಿ ಬಿಡಿಯಾಗಿ ಕೇಳಿ.

ಎಷ್ಟು ಹಿಂದಿನದ್ದು ಕೇಳಬಹುದು? ಆಸ್ಪತ್ರೆಗೆ ಸೇರಿದ್ದರ ಬಗ್ಗೆ ರಾಷ್ಟ್ರೀಯ ಮಾದರಿ ಸಮೀಕ್ಷೆಯವರು 365 ದಿನದೊಳಗಿನದ್ದು ಕೇಳುತ್ತಾರೆ, ಸೇರದೆ ತೋರಿಸಿಕೊಂಡು ಬಂದ ಕಾಯಿಲೆಗೆ 15 ದಿನ. ನೀವೂ ಅದನ್ನೇ ಇಟ್ಟುಕೊಳ್ಳಿ, ಆಗ ನಿಮ್ಮ ಅಂಕಿಯನ್ನು ಅವರದರ ಪಕ್ಕ ಇಡಬಹುದು. ದಿನಾಂಕ ನೆನಪಿಲ್ಲದಿದ್ದರೆ ಯುಗಾದಿಗೆ ಮುಂಚೆಯೋ ಆಮೇಲೋ, ಶೇಂಗಾ ಕೀಳುವಾಗಲೋ, ಅಂತ ಕೇಳಿ.

ಉತ್ತರವನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. 'ಅಲ್ಲಿ ಕಾರ್ಡ್ ನಡೆಯಲ್ಲ ಅಂದ್ರು' ಅನ್ನುವ ಮಾತು ಎಷ್ಟೋ ಜನರ ಬಾಯಲ್ಲಿ ಬರುತ್ತದೆ. ಅದರ ಹಿಂದೆ ನಾಲ್ಕು ಬೇರೆ ಬೇರೆ ಸಂಗತಿ ಇರಬಹುದು: ಆಸ್ಪತ್ರೆ ನೋಂದಣಿಯೇ ಆಗಿಲ್ಲ, ಆ ಚಿಕಿತ್ಸೆ ಪಟ್ಟಿಯಲ್ಲಿಲ್ಲ, ಚೀಟಿ ಇಲ್ಲ, ಅಥವಾ ಆಧಾರ್ ಮತ್ತು ರೇಷನ್ ಕಾರ್ಡಿನಲ್ಲಿ ಹೆಸರು ಹೊಂದಿಲ್ಲ. ನಾಲ್ಕಕ್ಕೂ ಪರಿಹಾರ ಬೇರೆ. ಸುಮ್ನೆ 'ಸೇವೆ ನಿರಾಕರಣೆ' ಅಂತ ಒಂದೇ ಹೆಸರು ಹಾಕಿ ಮುಗಿಸಿದರೆ ನಾಲ್ಕೂ ಕಲಸಿ ಹೋಗುತ್ತವೆ. ಜೊತೆಗೆ ಯಾರ ಕಾರಣದಿಂದ ಅನ್ನುವುದನ್ನು ಆಸ್ಪತ್ರೆಯ ಕಡೆಯಿಂದಲೂ ಕೇಳದೆ ತೀರ್ಪು ಕೊಡಬೇಡಿ.

ಹಂತ 7: ಗೈಡ್‌ಗೆ ತೋರಿಸುವುದು

'ಸರ್, ನಡೀತಾ ಇದೆ' ಅನ್ನುವುದು ಪ್ರಗತಿ ವರದಿ ಅಲ್ಲ. ಭೇಟಿಗೆ ಹೋಗುವ ಹಿಂದಿನ ದಿನ ಒಂದು ಪುಟ ಬರೆದು ಕಳಿಸಿ: ಏನು ಓದಿದೆ, ಅದರಿಂದ ನನ್ನ ಪ್ರಶ್ನೆ ಹೇಗೆ ಬದಲಾಯಿತು, ಎಲ್ಲಿ ಸಿಕ್ಕಿಕೊಂಡಿದ್ದೇನೆ, ಮುಂದಿನ ಭೇಟಿಗೆ ಏನು ತರುತ್ತೇನೆ. ಗೈಡ್‌ಗಳು ಬ್ಯುಸಿ ಇರುತ್ತಾರೆ, ಇಡೀ ಅಧ್ಯಾಯ ಓದದಿದ್ದರೂ ಒಂದು ಪುಟ ಓದುತ್ತಾರೆ. ಈ ಪುಟಗಳನ್ನೆಲ್ಲ ಜೋಡಿಸಿದರೆ ನಿಮ್ಮ ವಿಧಾನ ಅಧ್ಯಾಯದ ಅರ್ಧ ಸಿದ್ಧ.

ಹಂತ 8: ಶಿಫಾರಸು ಯಾರಿಗೆ?

ಇದನ್ನು ಬರವಣಿಗೆಗಿಂತ ಮುಂಚೆ ಇಟ್ಟಿದ್ದೇನೆ, ಯಾಕೆಂದರೆ ಶಿಫಾರಸು ಗೊತ್ತಾದ ಮೇಲೆ ಬರೆಯುವುದು ಸುಲಭ. ಪ್ರತಿ ಶಿಫಾರಸಿಗೂ ಕೇಳಿ: ಇದನ್ನು ಮಾಡುವ ಅಧಿಕಾರ ಯಾರಿಗಿದೆ? ಸಾರ್ವಜನಿಕ ಆರೋಗ್ಯ, ಆಸ್ಪತ್ರೆ ಇವೆಲ್ಲ ಸಂವಿಧಾನದ ಏಳನೇ ಅನುಸೂಚಿಯ ರಾಜ್ಯ ಪಟ್ಟಿಯಲ್ಲಿ ಆರನೆಯದು. ಆದರೆ ಔಷಧಿಯ ಗರಿಷ್ಠ ಬೆಲೆ ಕಟ್ಟುವುದು ಕೇಂದ್ರದ ಪ್ರಾಧಿಕಾರ, 2017ರ ಫೆಬ್ರವರಿಯಲ್ಲಿ ಹೃದಯದ ಸ್ಟೆಂಟ್ ಬೆಲೆ ಇಳಿಸಿದ್ದು ಅದೇ. ಹಾಗಾಗಿ 'ರಾಜ್ಯ ಸರ್ಕಾರ ಸ್ಟೆಂಟ್ ಬೆಲೆ ನಿಗದಿ ಮಾಡಬೇಕು' ಅಂತ ಬರೆದರೆ ವಿಳಾಸ ತಪ್ಪಿದ ಅರ್ಜಿ.

ಅಧಿಕಾರ ಇದ್ದ ಮಾತ್ರಕ್ಕೂ ಆಗುವುದಿಲ್ಲ. ಖಾಸಗಿ ಆಸ್ಪತ್ರೆಗಳ ದರ ನಿಯಂತ್ರಿಸಲು 2017ರಲ್ಲಿ ನಮ್ಮ ಸರ್ಕಾರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ (ಕೆಪಿಎಂಇ) ಕಾಯಿದೆಗೆ ತಿದ್ದುಪಡಿ ತರಲು ಹೊರಟಿತು. ನವೆಂಬರ್‌ನಲ್ಲಿ ಖಾಸಗಿ ವೈದ್ಯರು ಮುಷ್ಕರ ಹೂಡಿದರು, ರೋಗಿಗಳು ಪರದಾಡಿದರು, ಕೊನೆಗೆ ಪಾಸಾದ ರೂಪದಲ್ಲಿ ಸರ್ಕಾರ ದರ ಕಟ್ಟುವ ಮಾತು ಸರ್ಕಾರಿ ಯೋಜನೆಗಳ ಚಿಕಿತ್ಸೆಗಷ್ಟೇ ಉಳಿಯಿತು. ಖಾಸಗಿ ದರಗಳ ಬಗ್ಗೆ ಶಿಫಾರಸು ಮಾಡುವವರು ಈ ಕಥೆಯನ್ನು ಒಂದು ಪ್ಯಾರಾದಲ್ಲಾದರೂ ಎದುರಿಸಬೇಕು.

ಸಣ್ಣ ಶಿಫಾರಸಿಗೆ ನಾಚಿಕೆ ಬೇಡ. ಯೋಜನೆ ನಡೆಸುವುದು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್. 'ರೆಫರಲ್ ಕೊಟ್ಟ ದಿನ ಮತ್ತು ಗಂಟೆಯನ್ನು ತಾಲ್ಲೂಕು ಆಸ್ಪತ್ರೆಗಳು ದಾಖಲಿಸುವಂತೆ ಟ್ರಸ್ಟ್ ಒಂದು ಸುತ್ತೋಲೆ ಹೊರಡಿಸಬೇಕು' ಅನ್ನುವುದು ಅವಳ ಪೇಪರಿನ ಮೊದಲ ಶಿಫಾರಸು. ಇದಕ್ಕೆ ಹೊಸ ಕಾಯಿದೆ ಬೇಡ, ದೊಡ್ಡ ಬಜೆಟ್ ಬೇಡ. 'ಜಾಗೃತಿ ಮೂಡಿಸಬೇಕು' ಅನ್ನುವುದಕ್ಕಿಂತ ನೂರು ಪಾಲು ಮೇಲು.

ಹಂತ 9: ಬರೆಯುವುದು

ಪೀಠಿಕೆಯಿಂದ ಶುರು ಮಾಡಬೇಡಿ. ಮೊದಲು ಕಂಡದ್ದನ್ನು ಬರೆಯಿರಿ, ಆಮೇಲೆ ವಿಧಾನ, ಆಮೇಲೆ ನೀತಿಯ ಇತಿಹಾಸ, ಕೊನೆಗೆ ಪೀಠಿಕೆ. ಕಂಡದ್ದನ್ನು ಬರೆಯಲು ಒಂದು ದೊಡ್ಡ ಹಾಳೆಯಲ್ಲಿ ಮೂರು ಕಾಲಂ ಎಳೆಯಿರಿ: ಆದೇಶ ಏನು ಹೇಳುತ್ತದೆ, ದಾಖಲೆ ಏನು ತೋರಿಸುತ್ತದೆ, ಜನ ಏನು ಹೇಳಿದರು. ಮೂರೂ ಹೊಂದುವ ಸಾಲನ್ನು ಬೇಗ ಮುಗಿಸಿ. ಹೊಂದದ ಸಾಲುಗಳಿಗೆ ಪುಟ ಕೊಡಿ.

ವಾಕ್ಯಕ್ಕೆ ಒಂದು ಉದಾಹರಣೆ. 'ಗ್ರಾಮೀಣ ಭಾಗದಲ್ಲಿ ಆರೋಗ್ಯ ಸೌಲಭ್ಯಗಳ ಕೊರತೆಯಿದೆ' ಅನ್ನುವುದು ಏನನ್ನೂ ಹೇಳುವುದಿಲ್ಲ. ಯಾವುದಕ್ಕೆ ಹೋಲಿಸಿದರೆ ಕೊರತೆ? ಸಾರ್ವಜನಿಕ ಆರೋಗ್ಯ ಮಾನದಂಡದ ಪ್ರಕಾರ ಬಯಲು ಸೀಮೆಯಲ್ಲಿ 30,000 ಜನಕ್ಕೆ, ಗುಡ್ಡಗಾಡಿನಲ್ಲಿ 20,000 ಜನಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ ಇರಬೇಕು. ನಿಮ್ಮ ತಾಲ್ಲೂಕಿನ ಜನಸಂಖ್ಯೆ ತೆಗೆದು ಭಾಗಿಸಿ, ಎಷ್ಟಿರಬೇಕು, ಎಷ್ಟಿದೆ ಅಂತ ಬರೆಯಿರಿ. ಕಟ್ಟಡ ಇದೆ, ಡಾಕ್ಟರ್ ಇಲ್ಲ ಅನ್ನುವುದಾದರೆ ಅದನ್ನು ಬೇರೆ ವಾಕ್ಯದಲ್ಲಿ ಬರೆಯಿರಿ.

ಕಾಪಿ ಬಗ್ಗೆ ಎರಡೇ ಮಾತು. ಯುಜಿಸಿಯ 2018ರ ನಿಯಮದಲ್ಲಿ ಶೇ. 10ರವರೆಗಿನ ಹೋಲಿಕೆಗೆ ದಂಡನೆ ಇಲ್ಲ, ಅದರ ಮೇಲೆ ಶೇ. 40ರವರೆಗೆ ತಿದ್ದಿ ಮತ್ತೆ ಸಲ್ಲಿಸಬೇಕು, ಅದನ್ನೂ ಮೀರಿದರೆ ದಂಡನೆ ಇನ್ನೂ ದೊಡ್ಡದು. ಇಂಗ್ಲಿಷ್ ಪೇಪರನ್ನು ಕನ್ನಡಕ್ಕೆ ತಂದು ತಮ್ಮದೆಂದು ಹಾಕಿದರೆ ಸಾಫ್ಟ್‌ವೇರ್‌ಗೆ ಸಿಗದೆ ಹೋಗಬಹುದು, ಆದರೆ ಆ ಇಂಗ್ಲಿಷ್ ಓದಿದ ಪರೀಕ್ಷಕರಿಗೆ ಎರಡನೇ ಪ್ಯಾರಾದಲ್ಲೇ ವಾಸನೆ ಹೊಡೆಯುತ್ತದೆ.

ಹಂತ 10: ವೈವಾ

ಮೂರು ಪ್ರಶ್ನೆ ಬಂದೇ ಬರುತ್ತವೆ. ಇಷ್ಟೇ ಜನರನ್ನು ಮಾತಾಡಿಸಿ ರಾಜ್ಯದ ಬಗ್ಗೆ ಹೇಗೆ ಹೇಳುತ್ತೀರಿ? ರಾಜ್ಯದ ಬಗ್ಗೆ ಹೇಳುತ್ತಿಲ್ಲ, ನಿಯಮ ಒಂದು ಜಾಗದಲ್ಲಿ ಹೇಗೆ ಸಿಕ್ಕಿಕೊಳ್ಳುತ್ತದೆ ಅಂತ ತೋರಿಸುತ್ತಿದ್ದೇನೆ ಅನ್ನಿ. ಹಾಗಾದರೆ ರೆಫರಲ್ ತೆಗೆದುಬಿಡೋಣವಾ? ಇದಕ್ಕೆ ದುಡುಕಿ ಹೂಂ ಅನ್ನಬೇಡಿ. ಚೀಟಿ ಇಲ್ಲದಿದ್ದರೆ ರೋಗಿ ನೇರವಾಗಿ ಖಾಸಗಿಗೆ ಹೋಗುತ್ತಾನೆ, ಸರ್ಕಾರಿ ಆಸ್ಪತ್ರೆಗೆ ಯೋಜನೆಯಿಂದ ಬರುವ ಹಣ ಕಡಿಮೆಯಾಗುತ್ತದೆ, ಅನಗತ್ಯ ಆಪರೇಷನ್ ಹೆಚ್ಚುವ ಭಯವೂ ಇದೆ. ನಿಯಮಕ್ಕೂ ಒಂದು ಕಾರಣ ಇದೆ ಅಂತ ಗೊತ್ತಿದ್ದವರ ಟೀಕೆಗೆ ಮಾತ್ರ ತೂಕ.

ಮೂರನೆಯದು, ನೀವು ಬರೆದ ಮೇಲೆ ನೀತಿ ಬದಲಾಯಿತಲ್ಲ? ಇದು ಆಗುತ್ತಲೇ ಇರುತ್ತದೆ. 2024ರ ಅಕ್ಟೋಬರ್ 29ರಂದು 70 ತುಂಬಿದ ಎಲ್ಲರಿಗೂ, ಆದಾಯ ಎಷ್ಟೇ ಇರಲಿ, ಪಿಎಂ-ಜೆಎವೈ ವಿಸ್ತರಣೆಗೆ ಚಾಲನೆ ಸಿಕ್ಕಾಗ ಎಷ್ಟು ಜನ ಫೀಲ್ಡ್‌ವರ್ಕ್ ಮಧ್ಯದಲ್ಲಿದ್ದರೋ. ಉಪಾಯ ಒಂದೇ. ಮೊದಲ ಅಧ್ಯಾಯದಲ್ಲೇ, ಪ್ರಶ್ನೆಯ ಕೆಳಗೆ, ಇಂಥ ದಿನಾಂಕದವರೆಗೆ ಬಂದ ಆದೇಶ ಮತ್ತು ಸುತ್ತೋಲೆಗಳನ್ನು ಮಾತ್ರ ಪರಿಗಣಿಸಿದೆ ಅಂತ ಬರೆಯಿರಿ. ಆಮೇಲೆ ಬಂದದ್ದಕ್ಕೆ ಕೊನೆಯಲ್ಲಿ ಅರ್ಧ ಪುಟದ ಟಿಪ್ಪಣಿ ಸಾಕು, ಇಡೀ ಪೇಪರ್ ಬಿಚ್ಚಲು ಹೋಗಬೇಡಿ. ಆ ದಿನಾಂಕ ಯಾವುದು ಅಂತ ಬೈಂಡಿಂಗ್‌ಗೆ ಕೊಡುವ ಮುಂಚೆ ಗೈಡ್ ಜೊತೆ ಕೂತು ನಿರ್ಧರಿಸಿ.